ಸುಂಕೇಸುಲದಿಂದ ಕರ್ನೂಲಿಗೆ, ಕಾಲುವೆ ಏರಿಯ ಮೇಲೆ

ಮಂತ್ರಾಲಯ ದಾಟಿದ ಮೇಲೆ ತುಂಗಭದ್ರೆ ಎಲ್ಲಿಗೆ ಹೋಗುತ್ತಾಳೆ, ಯಾರ ಹೊಲಕ್ಕೆ ಹಾಯುತ್ತಾಳೆ ಎಂದು ನಮ್ಮ ಕಡೆ ಹೆಚ್ಚು ಜನ ಕೇಳುವುದಿಲ್ಲ. ಹೊಸಪೇಟೆ ಡ್ಯಾಮಿನಲ್ಲಿ ನೀರು ಎಷ್ಟಿದೆ, ಕಾಲುವೆಗೆ ಎಂದು ಬಿಡುತ್ತಾರೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆದೋನಿ, ಕೌತಾಳಂ, ಹೊಳಗುಂದದ ನಾವು ಕನ್ನಡ ಮಾತಾಡುವ ಆಂಧ್ರದವರು. ನದಿಯ ವಿಷಯದಲ್ಲಿ ಮಾತ್ರ ನಮ್ಮ ಕಣ್ಣು ಯಾವಾಗಲೂ ಮೇಲುಗಡೆಗೇ. ಕೆಳಗಡೆ ನಡೆದು ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು. ಸುಂಕೇಸುಲದಿಂದ ಕರ್ನೂಲಿನವರೆಗೆ, ಸುಮಾರು 27 ಕಿಲೋಮೀಟರು, ಕೆ.ಸಿ. ಕಾಲುವೆಯ ಏರಿ ಹಿಡಿದು ಹೋಗುವುದೆಂದು ನಿಶ್ಚಯಿಸಿದಾಗ ಜೊತೆಗೆ ಹೊರಟವರು ಸೋದರಮಾವ. ಕೌತಾಳಂ ಹತ್ತಿರ ಎಲ್‌ಎಲ್‌ಸಿ, ಅಂದರೆ ಹೊಸಪೇಟೆಯ ತುಂಗಭದ್ರಾ ಡ್ಯಾಮಿನಿಂದ ಬರುವ ಕೆಳಮಟ್ಟದ ಕಾಲುವೆಯ ಕೆಳಗೆ ಅವರ ಹೊಲ. ನೀರಿಗಾಗಿ ಕಾದು ಕಾದು ಅವರಿಗೆ ಕಾಲುವೆಯ ಪ್ರತಿಯೊಂದು ಗುಣವೂ ಗೊತ್ತು.

ಕೆ.ಸಿ. ಎಂದರೆ ಕರ್ನೂಲು-ಕಡಪ. ಸುಂಕೇಸುಲದಲ್ಲಿ ತುಂಗಭದ್ರೆಯ ಬಲದಂಡೆಯಿಂದ ಹೊರಟು, ಕರ್ನೂಲು ದಾಟಿ, ನಂದ್ಯಾಲದ ಬಯಲು ಹಾಯ್ದು ಕಡಪದವರೆಗೆ ಹೋಗುವ ಕಾಲುವೆ, ಉದ್ದ ಸುಮಾರು 300 ಕಿಲೋಮೀಟರು. ಇದನ್ನು ತೋಡಿಸಿದ್ದು ಸರ್ಕಾರವಲ್ಲ, ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ ಎಂಬ ಖಾಸಗಿ ಕಂಪನಿ. ಕೆಲಸ ಶುರುವಾದದ್ದು 1863ರಲ್ಲಿ, ಮುಗಿದದ್ದು 1871ರ ಹೊತ್ತಿಗೆ. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯನ್ನು ಸರ್ಕಾರ ಖಾತರಿ ಕೊಟ್ಟಿತ್ತು. ಯೋಜನೆಯ ಹಿಂದೆ ಇದ್ದವರು ಗೋದಾವರಿಗೆ ಧವಳೇಶ್ವರದಲ್ಲಿ ಅಣೆ ಕಟ್ಟಿಸಿದ ಆರ್ಥರ್ ಕಾಟನ್. ಈ ದೇಶಕ್ಕೆ ರೈಲಿಗಿಂತ ಕಾಲುವೆ ಅಗ್ಗ, ಒಂದೇ ಕಾಲುವೆ ಹೊಲಕ್ಕೆ ನೀರನ್ನೂ ಸರಕಿಗೆ ದಾರಿಯನ್ನೂ ಕೊಡುತ್ತದೆ ಎಂದು ಕಾಟನ್ ಬದುಕಿಡೀ ವಾದಿಸಿದರು. ಹಾಗಾಗಿ ಕೆ.ಸಿ. ಕಾಲುವೆ ಬರೀ ನೀರಾವರಿಗೆಂದು ಹುಟ್ಟಿದ್ದಲ್ಲ, ದೋಣಿ ಸಾಗಲೆಂದೂ ಹುಟ್ಟಿದ್ದು. ನಾವು ನಡೆಯಹೊರಟ ಏರಿ ಆ ಲೆಕ್ಕದಲ್ಲಿ ದೋಣಿ ಎಳೆಯುವವರ ದಾರಿ.

ಮಂತ್ರಾಲಯದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಎಮ್ಮಿಗನೂರಿನ ಕಡೆಯಿಂದ ಬಸ್ಸು, ಆಟೊ ಬದಲಿಸುತ್ತ ಸುಂಕೇಸುಲಕ್ಕೆ ಬಂದೆವು. ಮಾರ್ಗಶಿರದ ಚಳಿ ಇನ್ನೂ ಬಿಟ್ಟಿರಲಿಲ್ಲ. ಊರಿನ ಹೋಟೆಲಿನಲ್ಲಿ ಬಿಸಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯಲ್ಲಿ ತಿಂದ ಅದೇ ರುಚಿ. ಇಲ್ಲಿ ಪುಟಾಣಿ ಪುಡಿ ಸ್ವಲ್ಪ ಧಾರಾಳವಾಗಿ ಹಾಕುತ್ತಾರೆ. ಮಧ್ಯಾಹ್ನಕ್ಕೆ ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿತ್ತು.

ಬ್ಯಾರೇಜಿನ ಮೇಲೆ ನಿಂತರೆ ಆಚೆ ದಡದಲ್ಲಿ ತೆಲಂಗಾಣದ ರಾಜೋಳಿ ಕಾಣುತ್ತದೆ. ಗದ್ವಾಲ ಸೀರೆ ನೇಯುವ ಊರು. ಈಗಿನ ಬ್ಯಾರೇಜು ಕಂಪನಿಯ ಕಾಲದ್ದಲ್ಲ; ಹಳೆಯ ಅಣೆಯ ಬದಲಿಗೆ ಬಂದದ್ದು, ಆಂಧ್ರದ ಮುಖ್ಯಮಂತ್ರಿಯಾಗಿದ್ದ ಕೋಟ್ಲ ವಿಜಯಭಾಸ್ಕರ ರೆಡ್ಡಿಯವರ ಹೆಸರು ಹೊತ್ತಿದೆ. ಇದರಲ್ಲಿ ನಿಲ್ಲುವುದು ಬರೀ 1.2 ಟಿಎಂಸಿ. ನೂರು ಟಿಎಂಸಿ ಹಿಡಿಯುವ ಹೊಸಪೇಟೆ ಡ್ಯಾಮಿನ ಮಾತು ಕೇಳಿ ಬೆಳೆದವರಿಗೆ ಈ ಅಂಕಿ ಕಿವಿಗೆ ಬಿದ್ದಾಗ ಗಾಬರಿಯಾಗುತ್ತದೆ. ಇಷ್ಟೇ ನೀರನ್ನು ಕೈಯಲ್ಲಿಟ್ಟುಕೊಂಡು, ಮೇಲಿನಿಂದ ಬಂದದ್ದನ್ನು ಬಂದ ಹಾಗೆ ಕಾಲುವೆಗೆ ತಿರುಗಿಸುತ್ತ, ಕರ್ನೂಲು ಪಟ್ಟಣಕ್ಕೂ ಕುಡಿಯಲು ಕೊಟ್ಟುಕೊಂಡು ಸಾಗಬೇಕು. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಕೆ.ಸಿ. ಕಾಲುವೆಗೆ 39.9 ಟಿಎಂಸಿ ಹಂಚಿತು. ಅದರಲ್ಲಿ 10 ಟಿಎಂಸಿ ತುಂಗಭದ್ರಾ ಡ್ಯಾಮಿನಿಂದ ಬಿಡಬೇಕಾದದ್ದು. ಕಾಗದದ ಮೇಲಿನ ಆ 10 ಟಿಎಂಸಿ ಇಲ್ಲಿ, ಈ ಬಾಗಿಲುಗಳ ಮುಂದೆ, ನಿಜವಾಗಬೇಕು.

ಗೇಟು ಕಾಯುವ ಲಸ್ಕರ್ ಒಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಮಾತು ತೆಲುಗಿನಲ್ಲಿ ಶುರುವಾಯಿತು. ಮಾವ ಕೌತಾಳಂ ಎಂದದ್ದೇ ತಡ, ಅವರು ಕನ್ನಡಕ್ಕೆ ಹೊರಳಿದರು. ಹೆಂಡತಿಯ ತವರು ರಾಯಚೂರು ಕಡೆಯಂತೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯಲ್ಲಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಇಲ್ಲಿ ಏನು ಮಾಡಿದಿರಿ ಎಂದು ಕೇಳಿದೆ.

"ನಿದ್ದಿ ಎಲ್ಲೀದು ಸಾರ್. ನೀರು ಬರೋದಕ್ಕಿಂತ ಮೊದಲು ಫೋನು ಬಂದ್ವು. ಬಂದ ನೀರನ್ನ ಹಿಡಿಯಾಕ ನಮಗೆ ಜಾಗ ಎಲ್ಲೈತೆ? ಗೇಟು ಎತ್ತಿ ಕೃಷ್ಣಾಕ್ಕೆ ಬಿಡೋದೇ. ಬೇಸಿಗಿಗೆ ಅದೇ ನೀರಿಗೆ ಕಾಯೋದು" ಎಂದರು.

ಮಾವ ಬಹಳ ಹೊತ್ತು ತಲೆಯಾಡಿಸಿದರು. ಅವತ್ತು ಮೇಲೆ ಮಾತಾಡಿದವರೆಲ್ಲ ಡ್ಯಾಮು ಬರಿದಾದೀತೆಂದು ಹೆದರಿದ್ದೆವು. ಅದೇ ನೀರು ಇಲ್ಲಿ ಬೇಡದ ಹೊತ್ತಿನಲ್ಲಿ ಹೊಳೆ ತುಂಬಿ ಬಂದು ಹೋಗಿತ್ತು.

ಏರಿಯ ಮೇಲೆ ಹತ್ತಿದ ಮೇಲೆ ನಡಿಗೆ ಸುಲಭ. ದಾರಿ ಸಮ, ಎಡಕ್ಕೆ ಹೊಳೆಯ ಕಡೆಯ ಇಳಿಜಾರು, ಅಲ್ಲಿ ಕಾಲುವೆಯ ನೀರು ಹಾಯುವ ಗದ್ದೆಗಳು ಒಮ್ಮೆ ಹತ್ತಿರ, ಒಮ್ಮೆ ದೂರ. ಪೂರ್ವಕ್ಕೆ ಮುಖ ಮಾಡಿ ಹೋಗುವುದರಿಂದ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಟೋಪಿ ಬೇಕೇ ಬೇಕು. ಕಾಲುವೆಯ ಒಳಮೈಗೆ ಬಹಳ ಕಡೆ ಕಾಂಕ್ರೀಟು ಹೊದಿಸಿದ್ದಾರೆ. 1990ರ ದಶಕದಲ್ಲಿ ಜಪಾನಿನ ಸಾಲದಿಂದ ಕೈಗೊಂಡ ಆಧುನೀಕರಣದ ಕೆಲಸ. ಅದರ ನಡುವೆ ಅಲ್ಲಲ್ಲಿ ಹಳೆಯ ಕಟ್ಟಡದ ಕೆತ್ತಿದ ಕಲ್ಲುಗಳು ಉಳಿದಿವೆ, ಒಂದೊಂದೂ ಅಂಚು ಮಸೆದು ಕೂರಿಸಿದ್ದು. ಸೇತುವೆಯ ಒಂದು ಮೂಲೆಗಲ್ಲಿನ ಮೇಲೆ ಹಗ್ಗ ಉಜ್ಜಿದ ಗುರುತು ಸಿಕ್ಕೀತೆಂದು ಕೈಯಾಡಿಸಿ ಹುಡುಕಿದೆ. ಮೇಲೆ ಸಿಮೆಂಟು ಮೆತ್ತಿಬಿಟ್ಟಿದ್ದರು.

ದೋಣಿಗೂ ಹೊಲಕ್ಕೂ ಒಂದೇ ಕಾಲುವೆ ಎಂಬುದು ಕೇಳಲು ಚೆಂದ, ಮಾಡಲು ಕಷ್ಟ. ದೋಣಿ ಮೇಲಕ್ಕೂ ಹೋಗಬೇಕು, ಕೆಳಕ್ಕೂ ಬರಬೇಕು. ಅದಕ್ಕೆ ನೀರು ನಿಧಾನ ಇರಬೇಕು, ವರ್ಷವಿಡೀ ಆಳ ಇರಬೇಕು. ನೆಲ ಇಳಿಯುವ ಕಡೆ ಲಾಕು ಕಟ್ಟಬೇಕು: ಎರಡು ಬಾಗಿಲಿನ ನಡುವೆ ಕಲ್ಲಿನ ಕೋಣೆ, ದೋಣಿ ಒಳಗೆ ಬಂದ ಮೇಲೆ ಒಂದು ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೇಳುತ್ತದೆ, ಹೊರಬಿಟ್ಟರೆ ಇಳಿಯುತ್ತದೆ. ರೈತನಿಗೆ ಬೇಕಾದದ್ದು ಬೇರೆ. ಸಸಿ ಹಚ್ಚುವಾಗ ಭರ್ತಿ ಹರಿಯಬೇಕು, ಕೊಯ್ಲಿಗೆ ನಿಲ್ಲಬೇಕು. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿದರೆ ಕಾಲುವೆಯೂ ಬತ್ತುತ್ತದೆ, ಆಗ ದೋಣಿ ಎಲ್ಲಿ ನಿಲ್ಲಬೇಕು? ರೈಲು ಬಂದ ಮೇಲಂತೂ ದೋಣಿಯ ಕನಸು ಕುಗ್ಗಿಹೋಯಿತು. ಉಳಿದದ್ದು ನೀರು, ಮತ್ತೆ ನಾವು ನಡೆಯುತ್ತಿದ್ದ ಈ ಏರಿ.

ನೀರಿನ ಕಥೆಯೂ ಮೊದಲಿಗೆ ಸರಾಗ ಇರಲಿಲ್ಲ. ನಂದ್ಯಾಲದ ಕಡೆಯ ಎರೆಭೂಮಿಯ ರೈತರು ಜೋಳ, ನವಣೆ, ಹತ್ತಿ ಬೆಳೆದು ಬದುಕಿದವರು. ಮಳೆಯ ಹದದಲ್ಲೇ ಬೆಳೆಯುವ ನೆಲಕ್ಕೆ ದುಡ್ಡು ಕೊಟ್ಟು ಕಾಲುವೆ ನೀರು ಯಾಕೆ ಹಾಯಿಸಬೇಕು ಎಂದು ಅವರು ಹಿಂದೆ ಸರಿದರು. ಕಂಪನಿಗೆ ನೀರಿನ ತೆರಿಗೆ ಹುಟ್ಟಲಿಲ್ಲ. ಆಮೇಲೆ ಬಂದದ್ದು 1876-78ರ ಬರ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದದ್ದು. ಬಳ್ಳಾರಿ, ಕರ್ನೂಲು, ಕಡಪ ಮೂರೂ ಅದರ ಬಾಯಿಗೆ ಬಿದ್ದವು. 1871ರ ಜನಗಣತಿಗೂ 1881ರದಕ್ಕೂ ನಡುವೆ ಕರ್ನೂಲು ಜಿಲ್ಲೆಯ ಜನಸಂಖ್ಯೆಯಲ್ಲಿ ಕಾಲು ಭಾಗ ಕಡಿಮೆಯಾಯಿತು. ನಾಲ್ವರಲ್ಲಿ ಒಬ್ಬರು. ಕಾಲುವೆಯ ನೀರು ಬೇಡವೆಂದಿದ್ದ ಹೊಲಗಳಿಗೆ ಆ ವರ್ಷ ನೀರು ಬೇಕಾಯಿತು. 1878ರಲ್ಲಿ ಲಂಡನ್ನಿನ ಸಂಸತ್ ಸಮಿತಿಯ ಮುಂದೆ ಕಾಟನ್ ಕಾಲುವೆಗಳ ಪರ ಹಟ ಹಿಡಿದು ವಾದಿಸಿದರು. ಕಂಪನಿಯನ್ನು ಅದು ಉಳಿಸಲಿಲ್ಲ, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ನಾಲ್ವರಲ್ಲಿ ಒಬ್ಬರು ಎಂದು ಮಾವನಿಗೆ ಹೇಳಿದಾಗ ಅವರು ಏರಿಯ ಮೇಲೆ ನಿಂತುಬಿಟ್ಟರು. "ಅದಕ್ಕ ಅಳಿಯಾ, ನಮ್ಮ ಕಡಿ ಎಷ್ಟೋ ಹಳ್ಳಿಗಳ ಹೆಸರು ದೇವಸ್ಥಾನದ ಕಲ್ಲಿನ ಮ್ಯಾಲೆ ಐತೆ, ಊರು ಇಲ್ಲ" ಎಂದರು. ನಮ್ಮ ಸೀಮೆಯ ಹಾಳೂರುಗಳೆಲ್ಲ ಅದೇ ಬರದವು ಎಂದು ಹೇಳಲಾರೆ. ಆದರೂ ಆ ಮಾತು ಕೇಳಿದ ಮೇಲೆ ಕಾಲುವೆಯನ್ನು ನೋಡುವ ಬಗೆ ನನಗೆ ಬೇರೆಯಾಯಿತು.

ಹೊತ್ತು ಏರಿದಂತೆ ಏರಿಯ ಮೇಲೆ ಬಳ್ಳಾರಿ ಜಾಲಿ ದಟ್ಟವಾಗುತ್ತದೆ. ಕೆಲವು ಕಡೆ ಇಬ್ಬರು ಜೊತೆಗೆ ನಡೆಯಲು ಜಾಗ ಇಲ್ಲ, ಮುಳ್ಳು ಅಂಗಿ ಹಿಡಿಯುತ್ತದೆ. ಅಂಥ ಕಡೆ ಏರಿ ಬಿಟ್ಟು ಗದ್ದೆಯ ಬದುವಿಗೆ ಇಳಿದು ಸುತ್ತಿ ಬರಬೇಕಾಯಿತು. ಭತ್ತದ ಕೊಯ್ಲು ನಡೆದಿತ್ತು. ಕರ್ನೂಲು ಸೋನಾ ಮಸೂರಿ ಎಂದು ಬೆಂಗಳೂರಿನ ಅಂಗಡಿಗಳಲ್ಲಿ ಮೂಟೆ ಕಟ್ಟಿ ಮಾರುವ ಅಕ್ಕಿ ಇದೇ ಸೀಮೆಯದು. ಅನ್ನದ ತಟ್ಟೆಯ ಮುಂದೆ ಕೂತವರಿಗೆ ತುಂಗಭದ್ರೆ ನೆನಪಾಗುವುದಿಲ್ಲ. ನೀರುಕಾಗೆಗಳು ರೆಕ್ಕೆ ಬಿಚ್ಚಿ ತೂಬಿನ ಕಟ್ಟೆಯ ಮೇಲೆ ಕೂತಿದ್ದವು. ಕೊಯ್ಲಿನ ಯಂತ್ರದ ಹಿಂದೆ ಬೆಳ್ಳಕ್ಕಿಗಳ ಸಾಲು. ಮತ್ತೆ ಸ್ವಲ್ಪ ಸ್ವಲ್ಪ ದೂರಕ್ಕೆ ಕಾಲುವೆಗೆ ಬಾಯಿ ಇಟ್ಟ ರಬ್ಬರು ಪೈಪು, ದಡದಲ್ಲಿ ಎಂಜಿನ್ನು. ತೂಬಿನ ಸರದಿಗೆ ಕಾಯದೆ ನೇರ ಎತ್ತುವುದು.

ಈ ಪೈಪುಗಳು ಮಾವನನ್ನು ಕೆರಳಿಸಿದವು. "ಇವರು ತಲೆಕಡಿಯವರು, ನೀರು ಮನಿ ಮುಂದ ಹೋಗ್ತೈತೆ. ನನ್ನಂಥ ಬಾಲದವನ ಪಾಲು ಇಲ್ಲೇ ಮುಗೀತು" ಎಂದು ಒಂದು ಎಂಜಿನ್ನಿನ ಮುಂದೆ ನಿಂತೇ ಹೇಳಿದರು. ಎಂಜಿನ್ನಿನ ಒಡೆಯ, ಹರೆಯದ ಹುಡುಗ, ಸಿಟ್ಟಾಗಲಿಲ್ಲ. ತನ್ನ ಗದ್ದೆ ಕಾಲುವೆಯ ಮಟ್ಟಕ್ಕಿಂತ ಎತ್ತರ, ತೂಬಿನಿಂದ ನೀರು ಹತ್ತುವುದಿಲ್ಲ, ಎದುರಿಗೇ ಹೋಗುವ ನೀರನ್ನು ನೋಡುತ್ತ ಬೆಳೆ ಒಣಗಿಸುವುದು ಹೇಗೆ ಎಂದು ಕೇಳಿದ. ಮಾವ ಅವನ ಜೊತೆ ಬದುವಿನ ಮೇಲೆ ಕೂತು ಡೀಸೆಲ್ ಖರ್ಚಿನ ಲೆಕ್ಕ ಹಾಕಿದರು. ಎಲ್‌ಎಲ್‌ಸಿಯಲ್ಲೂ ಬಳ್ಳಾರಿ ಕಡೆಯಿಂದ ಬರುವ ನೀರು ಆದೋನಿ, ಎಮ್ಮಿಗನೂರು ದಾಟುವ ಹೊತ್ತಿಗೆ ಸೊರಗಿರುತ್ತದೆ. ಸುಂಕೇಸುಲಕ್ಕಿಂತ ಮೇಲೆ ರಾಜೋಳಿಬಂಡೆಯ ಅಣೆಯಲ್ಲಿ ರಾಯಚೂರು, ಗದ್ವಾಲ, ಕರ್ನೂಲಿನ ರೈತರು ಎಷ್ಟು ಸಲ ಎದುರುಬದುರು ನಿಂತಿಲ್ಲ! ಕೆ.ಸಿ. ಕಾಲುವೆಯ ಕೆಳಗೆ 2.65 ಲಕ್ಷ ಎಕರೆ ಇದೆ. ಕಡಪದ ಕಡೆಯ ಕೊನೆಗೆ ಈಗ ಶ್ರೀಶೈಲದ ನೀರನ್ನು ಬನಕಚೆರ್ಲದಿಂದ ಕೂಡಿಸಿ ಕೊಡುತ್ತಾರೆ, ಇಲ್ಲದಿದ್ದರೆ ಅಲ್ಲಿಗೆ ಮುಟ್ಟುವುದು ಕಷ್ಟ. ಮೇಲಿನವರು ಕಳ್ಳರು, ಕೆಳಗಿನವರು ಸುಮ್ಮನೆ ಅಳುವವರು ಎಂಬ ಎರಡು ಮಾತೂ ಏರಿಯ ಮೇಲೆ ನಡೆದವನ ಬಾಯಲ್ಲಿ ನಿಲ್ಲುವುದಿಲ್ಲ. ಪ್ರತಿಯೊಬ್ಬನೂ ಯಾರಿಗೋ ಕೆಳಗಿನವನು, ಯಾರಿಗೋ ಮೇಲಿನವನು. ಕಾಲುವೆಯ ಅಧಿಕಾರಿಗಳೂ ನೀರು ಹಂಚುವ ಸಮಿತಿಯವರೂ ವರ್ಷಕ್ಕೊಮ್ಮೆ ಜೀಪು ಬಿಟ್ಟು ತಲೆಯಿಂದ ಬಾಲದವರೆಗೆ ಹೀಗೆ ನಡೆಯಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

ನಿಡ್ಜೂರು, ಮುನಗಾಲಪಾಡು ಕಡೆ ಬಂದಾಗ ಕರ್ನೂಲಿನ ವಾಸನೆ ಹೊಡೆಯಲು ಶುರು. ಪಟ್ಟಣ ಹತ್ತಿರವಾದಂತೆ ಕಾಲುವೆಯ ಮರ್ಯಾದೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲ, ಕೋಳಿಯ ಪುಕ್ಕ, ಹಳೆಯ ಹಾಸಿಗೆ, ಮನೆಗಳ ಮೋರಿ ನೀರು. ಊರು ಕುಡಿಯುವುದೂ ಇದೇ ಹೊಳೆಯ ನೀರನ್ನು. ಕೆಳಗೆ ನಂದ್ಯಾಲದ ಹಳ್ಳಿಗಳಲ್ಲಿ ಇದೇ ಕಾಲುವೆಯಲ್ಲಿ ಮಕ್ಕಳು ಈಜುತ್ತಾರೆ, ಎಮ್ಮೆ ಮೈ ತೊಳೆಯುತ್ತಾರೆ. ಏರಿಯ ಆ ಭಾಗವನ್ನು ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟಿದೆವು. ಬರೆಯಲೂ ಹೆಚ್ಚು ಮನಸ್ಸಿಲ್ಲ.

ಸಂಜೆ ಹೊತ್ತಿಗೆ ಹಂದ್ರಿ ನದಿಯ ಮೇಲಿನ ಮೇಲ್ಗಾಲುವೆಗೆ ಬಂದೆವು. ನಡಿಗೆಯಲ್ಲಿ ನಾನು ಹೆಚ್ಚು ಕಾದಿದ್ದ ಜಾಗ ಇದು. ಕೆಳಗೆ ಹಂದ್ರಿ ತುಂಗಭದ್ರೆಯನ್ನು ಸೇರಲು ಹೋಗುತ್ತದೆ. ಅದರ ತಲೆಯ ಮೇಲೆ, ಕಮಾನುಗಳ ಮೇಲೆ, ತುಂಗಭದ್ರೆಯ ನೀರು ಕಾಲುವೆಯಾಗಿ ಅಡ್ಡ ಹಾಯುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಮಟ್ಟಗೋಲು ಹಿಡಿದು, ಸುಣ್ಣ ಅರೆದು, ಕಲ್ಲು ಹೊತ್ತು ಇದನ್ನು ಕೂರಿಸಿದವರ ಹೆಸರು ಎಲ್ಲಿಯೂ ಬರೆದಿಲ್ಲ. 2009ರ ಅಕ್ಟೋಬರ್ 2ರಂದು ಹಂದ್ರಿ, ತುಂಗಭದ್ರೆ ಎರಡೂ ಉಕ್ಕಿ ಕರ್ನೂಲು ಮುಳುಗಿತು. ಮಂತ್ರಾಲಯದ ಮಠಕ್ಕೂ ನೀರು ನುಗ್ಗಿತು, ರಾಜೋಳಿಯ ಮಗ್ಗಗಳು ಕೆಸರಾದವು. ಹತ್ತಿರದ ಅಂಗಡಿಯ ಅಜ್ಜಿ ಗೋಡೆಯ ಮೇಲೆ ನೀರು ಬಂದ ಮಟ್ಟವನ್ನು ಕೈ ಎತ್ತಿ ತೋರಿಸಿದರು, ಕೈ ನಿಲುಕಲಿಲ್ಲ.

ಹೋಗಬೇಕೆನ್ನುವವರಿಗೆ: ಕಾಲುವೆಯಲ್ಲಿ ನೀರಿರುವ, ಬಿಸಿಲು ಕಡಿಮೆಯಿರುವ ಡಿಸೆಂಬರ್, ಜನವರಿ ಒಳ್ಳೆಯದು. ಕುಡಿಯುವ ನೀರು ಹೊತ್ತುಕೊಳ್ಳಿ, ಗಟ್ಟಿ ಅಟ್ಟೆಯ ಬೂಟು ಹಾಕಿ, ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಬರುತ್ತದೆ. ಗೇಟುಗಳ ಹತ್ತಿರ ಲಸ್ಕರರನ್ನು ಕೇಳಿಯೇ ಮುಂದೆ ಹೋಗಿ. ಕಾಂಕ್ರೀಟಿನ ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಕಾಲು ತೊಳೆಯಲು ಇಳಿಯಬೇಡಿ. ಇಳಿದರೆ ಹತ್ತಿ ಬರಲು ಹಿಡಿಗೆ ಏನೂ ಸಿಗುವುದಿಲ್ಲ. ಮಾರನೆಯ ದಿನ ಬಿಡುವಿದ್ದರೆ ಹೊಳೆ ದಾಟಿ ಆಲಂಪುರಕ್ಕೆ ಹೋಗಿ, ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳನ್ನು ನೋಡಿ ಬರಬಹುದು.

ಮಾವನಿಗೆ ಈಗ ಮಿಟ್ಟಕಂದಾಲದ ಹಂಬಲ. ಅಲ್ಲಿ ದಿಣ್ಣೆಯನ್ನು ಸೀಳಿ ಕಾಲುವೆಯನ್ನು ಕೃಷ್ಣೆಯ ಸೀಮೆಯಿಂದ ಪೆನ್ನಾರಿನ ಸೀಮೆಗೆ ದಾಟಿಸಿದ್ದಾರೆ. ಸುಗ್ಗಿ ಮುಗಿಸಿ, ಶೇಂಗಾ ಬಿತ್ತುವುದರೊಳಗೆ ಹೋಗೋಣ, ಈ ಸಲ ಅತ್ತೆಯನ್ನೂ ಕರೆದುಕೊಳ್ಳೋಣ ಎಂದು ಕರ್ನೂಲು ಬಸ್‌ಸ್ಟ್ಯಾಂಡಿನಲ್ಲೇ ಹೇಳಿದರು.