ಸನ್ಮಾನದ ಪೇಟ, ಗ್ಯಾಸ್ ಬರ್ನರ್, ಅಡಿಕೆ ಚೊಗರು: ಸಾವಿರ ರೂಪಾಯಿಯೊಳಗೆ ಸ್ಟೀಮ್‌ಪಂಕ್ ವೇಷ

ನಮ್ಮ ಕಡೆ ಮನೆಗೊಂದಾದರೂ ಸನ್ಮಾನದ ಪೇಟ ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ. ಹಣ್ಣಿನ ಬುಟ್ಟಿ ಅಂದೇ ಖಾಲಿ, ಶಾಲು ಚಳಿಗಾಲಕ್ಕೆ ಆಯಿತು, ಪೇಟ ಮಾತ್ರ ಮತ್ತೆ ಯಾರ ತಲೆಗೂ ಏರುವುದಿಲ್ಲ. ಸ್ಟೀಮ್‌ಪಂಕ್ ವೇಷಕ್ಕೆ (ಉಗಿಯಂತ್ರಗಳ ಕಾಲದ ಕಲ್ಪನೆಯ ವೇಷ) ಹೊರಟವರು ಮೊದಲು ಕೈಹಾಕಬೇಕಾದದ್ದು ಅದಕ್ಕೇ. ಲಂಡನ್ನಿನ ಉದ್ದ ಟೋಪಿ ತರಿಸುವುದು ದಂಡ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಟ್ಟಿ ಬೆಳೆದ ನಮ್ಮ ಎಂಜಿನಿಯರ್ ಹೇಗೆ ಕಾಣುತ್ತಿದ್ದರು ಅನ್ನುವುದಕ್ಕೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಫೋಟೋ ಸಾಕು: ಕೋಟು, ಟೈ, ಮೇಲೆ ಮೈಸೂರು ಪೇಟ. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಗೇಟುಗಳನ್ನು ಕೂರಿಸಿದವರು ಅವರು. ಇದಕ್ಕಿಂತ ಒಳ್ಳೆಯ ಮಾದರಿ ಹುಡುಕಬೇಕಾಗಿಲ್ಲ.

ಸ್ಟೀಮ್‌ಪಂಕ್ ಅಂದರೇನು ಅಂತ ಕೇಳುವವರಿಗೆ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ತೋರಿಸಿದರೆ ಬೇಗ ಅರ್ಥವಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬರುವ ತನಕ ಅಲ್ಲಿನ ಗಣಿಯಂತ್ರಗಳು ಉಗಿಯ ಬಲದಲ್ಲೇ ನಡೆಯುತ್ತಿದ್ದವು. ಆ ಕರೆಂಟಿನ ತಂತಿ ಬರಲೇ ಇಲ್ಲ, ಉಗಿ ಯಂತ್ರಗಳೇ ಇವತ್ತಿನವರೆಗೂ ಬೆಳೆಯುತ್ತಾ ಬಂದವು ಅಂತ ಊಹಿಸಿಕೊಳ್ಳಿ. ಆ ಲೋಕದವರು ತೊಡುವ ಬಟ್ಟೆಯೇ ಸ್ಟೀಮ್‌ಪಂಕ್.

ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಈ ವೇಷದ ಮನುಷ್ಯನ ಕೆಲಸ ಏನು? ಕಾಲೇಜು ಫೆಸ್ಟುಗಳಲ್ಲಿ, ಬೆಂಗಳೂರಿನ ಕಾಮಿಕ್ ಕಾನ್ ಮೇಳದಲ್ಲಿ ಕಾಣುವ ಸಪ್ಪೆ ವೇಷಗಳಿಗೆಲ್ಲ ಒಂದೇ ರೋಗ. ಟೋಪಿಗೆ ಹತ್ತು ಹಲ್ಲುಚಕ್ರ ಅಂಟಿಸಿರುತ್ತಾರೆ, ಒಂದೂ ಇನ್ನೊಂದಕ್ಕೆ ಕಚ್ಚಿರುವುದಿಲ್ಲ, ಏನನ್ನೂ ತಿರುಗಿಸುವುದಿಲ್ಲ. ಬಯಲುಸೀಮೆಯವರಿಗೆ ಕೆಲಸ ಹುಡುಕುವುದು ಕಷ್ಟವಲ್ಲ. ಕವೆಗೋಲು ಹಿಡಿದೋ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಬೋರ್‌ವೆಲ್ ಪಾಯಿಂಟ್ ತೋರಿಸುವವರು ಊರೂರಲ್ಲಿದ್ದಾರೆ. ಅದನ್ನೇ ಉಗಿಯಂತ್ರದಲ್ಲಿ ಮಾಡುವ ಎಂಜಿನಿಯರ್ ಅಂದುಕೊಳ್ಳಿ: ಎದೆಯ ಮೇಲೆ ಪುಟ್ಟ ಬಾಯ್ಲರ್, ಅಲ್ಲಿಂದ ಸೊಂಟಕ್ಕೆ ತಾಮ್ರದ ಕೊಳವೆ, ಸೊಂಟದಲ್ಲಿ ಆಳ ತೋರಿಸುವ ಮೀಟರ್, ಕೈಯಲ್ಲಿ ತಾಮ್ರದ ಕವೆ. ಕೆಳಗಿನ ಅಳತೆಗಳೆಲ್ಲ ಈ ವೇಷಕ್ಕೆ.

ಅಂಗಿಯಿಂದ ಶುರು. ಬಿಳಿ ಫುಲ್ ಶರ್ಟ್ ಸಾಕು, ಆದರೆ ಆ ಬಿಳುಪು ಹೋಗಬೇಕು. ಮೊದಲು ಒಳಮಡಿಕೆಯಿಂದ ಒಂದು ದಾರ ಕಿತ್ತು ಬೆಂಕಿ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಕಾಟನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್; ಅದಕ್ಕೆ ಮನೆಯ ಯಾವ ಬಣ್ಣವೂ ಹಿಡಿಯದು, ಬೇರೆ ಶರ್ಟ್ ನೋಡಿ. ಎರಡೂ ಆದರೆ ಮಿಶ್ರಣ, ಬಣ್ಣ ಅರ್ಧ ಹಿಡಿಯುತ್ತದೆ.

ಬಣ್ಣಕ್ಕೆ ಎಲ್ಲರೂ ಹೇಳುವುದು ಟೀ ಡಿಕಾಕ್ಷನ್. ಅದು ಕೊಡುವುದು ತೆಳು ಹಳದಿಗಂದು, ಅಷ್ಟೇ. ತುಮಕೂರಿನವರಿಗೆ ಅದಕ್ಕಿಂತ ಒಳ್ಳೆಯದು ಕೈಯಳತೆಯಲ್ಲಿದೆ. ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಅಡಿಕೆ ಸುಲಿದು ಬೇಯಿಸುವ ಕಾಲದಲ್ಲಿ ಒಂದು ಬಾಟಲಿ ಗಟ್ಟಿ ಚೊಗರು (ಅಡಿಕೆ ಬೆಂದ ಒಗರು ನೀರು) ಕೇಳಿ ತನ್ನಿ. ಬೇಯಿಸುವವರ ಪಂಚೆಯ ಕಲೆ ನೋಡಿದವರಿಗೆ ಚೊಗರಿನ ಹಿಡಿತ ಎಂಥದ್ದು ಅಂತ ಹೇಳಬೇಕಾಗಿಲ್ಲ.

ಒಂದು ಶರ್ಟು ಸುಮಾರು ಕಾಲು ಕೆಜಿ ತೂಗುತ್ತದೆ. ಅದಕ್ಕೆ 25 ಗ್ರಾಂ ಪಟಿಕ ಸಾಕು. ಬಿಸಿನೀರಲ್ಲಿ ಕರಗಿಸಿ, ಮೊದಲೇ ಒಗೆದು ಗಂಜಿ ಬಿಡಿಸಿದ ಒದ್ದೆ ಶರ್ಟನ್ನು ಅದರಲ್ಲಿ ಒಂದು ಗಂಟೆ ನೆನೆಸಿ. ಸ್ಟೀಲ್ ಪಾತ್ರೆಯಲ್ಲಿ ಐದು ಲೀಟರ್ ನೀರಿಗೆ ಒಂದು ಲೋಟ ಚೊಗರು ಹಾಕಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಚರಟ ಕೂತ ಕಡೆಯೆಲ್ಲ ಚುಕ್ಕೆ. ಶರ್ಟ್ ಮುಳುಗಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಕೋಲಿನಿಂದ ಆಡಿಸುತ್ತಲೇ ಇರಿ. ಆಡಿಸದಿದ್ದರೆ ಮಡಿಕೆ ಬಿದ್ದ ಜಾಗ ಪಟ್ಟೆಪಟ್ಟೆಯಾಗುತ್ತದೆ. ಒಲೆ ಆರಿಸಿ, ಆರುವ ತನಕ ಅದರಲ್ಲೇ ಬಿಡಿ. ಒದ್ದೆಯಲ್ಲಿ ಕಂಡ ಬಣ್ಣ ನಂಬಬೇಡಿ, ಒಣಗಿದ ಮೇಲೆ ಎರಡು ಛಾಯೆ ತಿಳಿಯಾಗುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಕಬ್ಬಿಣದ ಬಾಂಡ್ಲಿ. ಚೊಗರಿನ ಒಗರಿಗೆ ಕಬ್ಬಿಣ ತಾಗಿದರೆ ಕಂದು ಹೋಗಿ ಬೂದುಗಪ್ಪು ಬರುತ್ತದೆ. ಟೀಯಲ್ಲೂ ಇದೇ ಕಥೆ. ಬೇಕೆಂದೇ ಮಾಡಿದರೆ ಚೆಂದ: ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಎರಡು ದಿನ ಇಟ್ಟು, ಆ ನೀರನ್ನು ಬ್ರಷ್‌ನಿಂದ ಕಫ್, ಕಾಲರ್ ಅಂಚಿಗೆ ಸವರಿದರೆ ಮಸಿ ಮೆತ್ತಿದ ಹಾಗೇ ಕಾಣುತ್ತದೆ. ಇನ್ನೊಂದು, ಸೋಪು. ಎಲೆ ಅಡಿಕೆಗೆ ಸುಣ್ಣ ತಾಗಿದಾಗ ಬಾಯಿ ಕೆಂಪಾಗುವುದು ಏಕೆ ಅಂತ ಗೊತ್ತಲ್ಲ. ಬಟ್ಟೆ ಸೋಪು, ಸೋಡಾ ತಾಗಿದರೆ ಈ ಅಂಗಿಯೂ ಹಾಗೇ ಕೆಂಪಿಗೆ ತಿರುಗುತ್ತದೆ. ಬರಿ ನೀರು, ಇಲ್ಲವೇ ಸ್ವಲ್ಪ ಅಂಟುವಾಳ.

ವೇಸ್ಟ್‌ಕೋಟಿಗೆ ಅಪ್ಪನ ಮದುವೆ ಕೋಟೋ ಹಳೇ ಸಫಾರಿಯೋ ನೋಡಿ (ಕೇಳಿ ತೆಗೆದುಕೊಳ್ಳಿ). ತೋಳನ್ನು ಕತ್ತರಿಸಬೇಡಿ, ಹೊಲಿಗೆ ಬಿಚ್ಚಿ ತೆಗೆಯಿರಿ. ತೋಳು ಹೋದ ಮೇಲೆ ಭುಜದ ಪ್ಯಾಡ್ ರೆಕ್ಕೆಯ ಹಾಗೆ ಎದ್ದು ನಿಲ್ಲುತ್ತದೆ; ಲೈನಿಂಗ್ ಬಿಚ್ಚಿ ಅದನ್ನೂ ಎಳೆದು ಬಿಸಾಕಿ. ಕಂಕುಳಿನ ಅಂಚನ್ನು ಒಂದು ಸೆಂಟಿಮೀಟರ್ ಒಳಗೆ ಮಡಚಿ ಹೊಲಿಯಿರಿ. ಉದ್ದ ಸೊಂಟದಿಂದ ಎಂಟು ಹತ್ತು ಸೆಂಟಿಮೀಟರ್ ಕೆಳಗೆ ನಿಲ್ಲಲಿ, ಮುಂದಿನ ಎರಡು ತುದಿ ಚೂಪಾಗಿ ಇನ್ನೊಂದು ನಾಲ್ಕು ಬೆರಳು ಇಳಿಯಲಿ. ಬೆನ್ನಿಗೆ ಹಳೇ ಬ್ಯಾಗಿನ ಬಕಲ್ ಪಟ್ಟಿ ಹೊಲಿದು ಬಿಗಿದರೆ ಎರವಲು ಕೋಟಿನ ಕಳೆ ಹೋಗುತ್ತದೆ.

ತೆಗೆದ ತೋಳುಗಳು ಶೂ ಮೇಲಿನ ಕವಚಕ್ಕೆ. ಕಫ್ ತುದಿಯಿಂದ ಒಂದು ಗೇಣು ಕತ್ತರಿಸಿ, ಕಫ್ ಮೇಲೆ ಬರುವಂತೆ ಕಣಕಾಲಿಗೆ ತೊಡಿಸಿ, ಹೊರಬದಿಗೆ ನಾಲ್ಕು ಗುಂಡಿ. ಅಟ್ಟೆಯ ಕೆಳಗೆ ಹಾಯಿಸುವ ಪಟ್ಟಿ ಎಲಾಸ್ಟಿಕ್ ಬೇಡ, ಟಾರು ರಸ್ತೆಯಲ್ಲಿ ಒಂದೇ ದಿನಕ್ಕೆ ಸವೆದು ಕಿತ್ತುಬರುತ್ತದೆ. ರೆಕ್ಸಿನ್ ಪಟ್ಟಿ ಹಾಕಿ, ಹಿಮ್ಮಡಿಯ ಮುಂದಿನ ಹಳ್ಳದಲ್ಲಿ ಕೂರಿಸಿ.

ಇನ್ನು ಬಾಯ್ಲರ್. ಇಡೀ ವೇಷದಲ್ಲಿ ಸಮಯ ಹಾಕಬೇಕಾದದ್ದು ಇದಕ್ಕೆ. ಗುಜರಿ ಅಂಗಡಿಯಲ್ಲಿ ಹಳೇ ಗ್ಯಾಸ್ ಸ್ಟವ್‌ನ ದೊಡ್ಡ ಹಿತ್ತಾಳೆ ಬರ್ನರ್ ಕೇಳಿ. ಅಂಗೈಯಗಲದ ಬಿಲ್ಲೆ, ಸುತ್ತ ಸಾಲು ಸಾಲು ತೂತು. ಯಾರೋ ನೂರು ವರ್ಷದ ಹಿಂದೆ ಈ ವೇಷಕ್ಕೆಂದೇ ಎರಕ ಹೊಯ್ದಿಟ್ಟ ಹಾಗಿರುತ್ತದೆ. ಅಯಸ್ಕಾಂತ ಒಯ್ಯಿರಿ: ಅಂಟಿದರೆ ಒಳಗೆ ಕಬ್ಬಿಣ. ಹುಣಸೆಹಣ್ಣು, ಉಪ್ಪಿನಲ್ಲಿ ಅರ್ಧ ಗಂಟೆ ನೆನೆಸಿ ತಿಕ್ಕಿ. ಪೂರ್ತಿ ಫಳಫಳ ಬೇಡ, ದೇವರ ಮನೆ ದೀಪದ ಹಾಗಾಗಿಬಿಡುತ್ತದೆ. ಉಬ್ಬಿದ ಅಂಚು ಮಾತ್ರ ಹೊಳೆಯಲಿ, ಸಂದಿಯ ಕಪ್ಪು ಹಾಗೇ ಇರಲಿ.

ಹಿಂದೆ ಬೆಳಕು ಕೊಡಿ. ದೀಪಾವಳಿಗೆ ಮಾರುವ, ಪುಟಾಣಿ ಸೆಲ್ ಹಾಕಿದ, ಮಿಣುಕುವ ಪ್ಲಾಸ್ಟಿಕ್ ದೀಪ ಒಂದು ತಂದು ಬರ್ನರಿನ ಬೆನ್ನಿಗೆ ಇಡಿ. ತೂತುಗಳಿಂದ ಬರುವ ನಡುಗುವ ಬೆಳಕು ಒಳಗೆ ಬೆಂಕಿ ಇದ್ದಂತೆಯೇ ಕಾಣುತ್ತದೆ. ಸೆಲ್‌ನ ಎರಡೂ ಬದಿ ಹಿತ್ತಾಳೆಗೆ ತಾಗಿದರೆ ಶಾರ್ಟ್ ಆಗಿ ಬಿಸಿಯೇರುತ್ತದೆ, ಅದಕ್ಕೇ ಸುತ್ತ ಇನ್ಸುಲೇಷನ್ ಟೇಪ್ ಸುತ್ತಿ. ಬರ್ನರಿಗಿಂತ ಒಂದು ಬೆರಳು ಅಗಲದ ರೆಕ್ಸಿನ್ ಬಿಲ್ಲೆ ಕತ್ತರಿಸಿ, ತೂತುಗಳಲ್ಲಿ ತಾಮ್ರದ ತಂತಿ ತೂರಿಸಿ ಎಂಟು ಕಡೆ ಹೊಲಿಯಿರಿ. ತಂತಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ, ನಮ್ಮ ಕಡೆ ಅದಕ್ಕೇನು ಬರವಿಲ್ಲ. ಎನಾಮಲ್ ಹಚ್ಚಿದ್ದನ್ನೇ ತನ್ನಿ, ಬೆವರಿಗೆ ಹಸಿರುಗಟ್ಟುವುದಿಲ್ಲ. ಇದನ್ನು ವೇಸ್ಟ್‌ಕೋಟಿಗೇ ನೇರ ಹೊಲಿಯಬೇಡಿ. ಭಾರಕ್ಕೆ ಬಟ್ಟೆ ಜೋಲು ಬಿದ್ದು ಒಂದು ಗಂಟೆಯಲ್ಲಿ ಬಾಯ್ಲರ್ ಹೊಟ್ಟೆಗಿಳಿದಿರುತ್ತದೆ. ಎರಡು ಹಳೇ ಬೆಲ್ಟ್ ಸೇರಿಸಿ ಭುಜದಿಂದ ಅಡ್ಡ ಪಟ್ಟಿ ಮಾಡಿ, ಅದಕ್ಕೆ ಕೂರಿಸಿ.

ಕೊಳವೆಗೆ ಫ್ರಿಜ್ ರಿಪೇರಿಯವರ ಬಳಿ ಕಾಲಿಂಚಿನ ಮೆತ್ತನೆ ತಾಮ್ರದ ಪೈಪು ಒಂದೂವರೆ ಅಡಿ. ಬರಿಗೈಯಲ್ಲಿ ಬಗ್ಗಿಸಿದರೆ ಸೊಟ್ಟಗಾಗಿ ಚಪ್ಪಟೆಯಾಗುತ್ತದೆ. ಒಣ ಮರಳನ್ನು ಜರಡಿ ಹಿಡಿದು ಒಳಗೆ ತುಂಬಿ, ಎರಡೂ ಕಡೆ ಟೇಪ್ ಹಾಕಿ, ಸ್ಟೀಲ್ ಲೋಟದ ಸುತ್ತ ನಿಧಾನ ಬಗ್ಗಿಸಿ, ಆಮೇಲೆ ಮರಳು ಸುರಿದುಬಿಡಿ. ಮೀಟರಿಗೆ ಉಪ್ಪಿನಕಾಯಿ ಬಾಟಲಿಯ ತಗಡು ಮುಚ್ಚಳ, ಒಳಗೆ ದಪ್ಪ ಕಾಗದದ ಮುಖ. ಅಂಕಿಗಳನ್ನು ಕನ್ನಡದಲ್ಲೇ ಬರೆಯಿರಿ: ೦, ೨೦೦, ೪೦೦, ಕೊನೆಗೆ ೧೨೦೦ ಅಡಿ. ಮುಳ್ಳು ೧೨೦೦ರ ಆಚೆ ನಿಂತಿರಲಿ. ನೋಡಿದ ರೈತರಿಗೆ ನಗು ಬಂದರೂ ಬಂತು, ಅಳು ಬಂದರೂ ಬಂತು.

ಹಲ್ಲುಚಕ್ರಗಳ ಮಾತು. 1978ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದ ಊರು ತುಮಕೂರು, ಹಳೇ ವಾಚ್ ರಿಪೇರಿಯವರ ಡಬ್ಬಿಯಲ್ಲಿ ಸತ್ತ ಮೆಷಿನ್‌ಗಳು ಇರುತ್ತವೆ. ಆದರೆ ಕೈಗಡಿಯಾರದ ಚಕ್ರ ಮಾರುದೂರದಿಂದ ಕಾಣುವುದೇ ಇಲ್ಲ. ಬಿಚ್ಚದೆ, ಇಡೀ ಮೆಷಿನನ್ನೇ ಕಾಲರ್ ಪಿನ್ ಮಾಡಿ. ಓಡುವ ಎಚ್‌ಎಂಟಿಯನ್ನು ಇದಕ್ಕಾಗಿ ಬಿಚ್ಚುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ದೊಡ್ಡ ಚಕ್ರ ಬೇಕಾದರೆ ಕೀ ಕೊಡುವ ಟೈಮ್‌ಪೀಸ್ ನೋಡಿ, ಬಿಚ್ಚುವ ಮೊದಲು ಸ್ಪ್ರಿಂಗ್ ಪೂರ್ತಿ ಸಡಿಲ ಮಾಡಿಸಿ. ಬಿಗಿದ ಸ್ಪ್ರಿಂಗ್ ಸಿಡಿದರೆ ಬೆರಳು ಕೊಯ್ಯುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ಬಣ್ಣ ಹಚ್ಚಿದ ತೀರಾ ಹಳೇ ಗಡಿಯಾರವಾದರೆ ಮುಟ್ಟಲೇಬೇಡಿ, ಅದು ರೇಡಿಯಂ ಇರಬಹುದು. ಕೆರೆದ ಪುಡಿ ಒಳಗೆ ಹೋದರೆ ಅಪಾಯ. ಎರಡೇ ಚಕ್ರ ಹಾಕಿದರೂ ಹಲ್ಲಿಗೆ ಹಲ್ಲು ಕಚ್ಚಿರಲಿ.

ಕನ್ನಡಕಕ್ಕೆ ಹಾರ್ಡ್‌ವೇರ್ ಅಂಗಡಿಯ ಗ್ಯಾಸ್ ವೆಲ್ಡಿಂಗ್ ಕನ್ನಡಕ, ದುಂಡು ಗಾಜಿನದು. ಮೇಲಕ್ಕೆ ಮಡಚುವ ಬಗೆಯದನ್ನೇ ಕೇಳಿ, ಕಪ್ಪು ಗಾಜಿನ ಕೆಳಗೆ ಬಿಳಿ ಗಾಜು ಇರುತ್ತದೆ; ಕಪ್ಪು ಗಾಜಲ್ಲಿ ಮೆಟ್ಟಿಲು ಕಾಣುವುದಿಲ್ಲ. ಅದರ ಪ್ಲಾಸ್ಟಿಕ್ಕಿಗೆ ನೇರ ಬಣ್ಣ ಬಳಿದರೆ ಸಂಜೆಗೆ ಸಿಪ್ಪೆಯೇಳುತ್ತದೆ. 220 ನಂಬರ್ ಎಮರಿ ಹಾಕಿ ಉಜ್ಜಿ, ಕಪ್ಪು ಹಚ್ಚಿ ಒಣಗಿಸಿ, ಆಮೇಲೆ ಬ್ರಷ್ಷಿಗೆ ಚಿನ್ನದ ಬಣ್ಣ ಅದ್ದಿ, ಮುಕ್ಕಾಲು ಪಾಲು ಕಾಗದಕ್ಕೆ ಒರೆಸಿ, ಉಳಿದದ್ದನ್ನು ಅಂಚಿಗಷ್ಟೇ ತಾಗಿಸಿ. ಮೆತ್ತಗಿನ ಭಾಗಕ್ಕೆ ಬಣ್ಣ ಬೇಡ, ಮಡಚಿದಾಗ ಬಿರುಕು ಬಿಡುತ್ತದೆ. ಪೇಟದ ಮೇಲೆ ಏರಿಸದೆ ಕೊರಳಲ್ಲಿ ತೂಗಲಿ. ಪೇಟಕ್ಕೆ ಅದರ ಮರ್ಯಾದೆ ಇದೆ, ಜರಿಯೂ ನಲುಗುತ್ತದೆ. ಇನ್ನು, ಥರ್ಮಾಕೋಲ್ ತುಂಡಿಗೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕಣ್ಣೆದುರೇ ಕರಗಿಹೋಗುತ್ತದೆ.

ಹೆಣ್ಣುಮಕ್ಕಳು ಪ್ಯಾಂಟಿನ ಬದಲು ಉದ್ದ ಲಂಗ, ಬುಗ್ಗೆ ತೋಳಿನ ಬ್ಲೌಸ್ ಹಾಕಬಹುದು. ಬುಗ್ಗೆ ತೋಳು ಆ ಕಾಲದ್ದೇ. ಲಂಗದ ಒಳಗೆ ಹಿಂಬದಿಗೆ, ಒಂದರ ಕೆಳಗೊಂದರಂತೆ ಅರ್ಧ ಗೇಣಿಗೊಂದು ಪರದೆಯ ಚಿಕ್ಕ ರಿಂಗ್, ಒಟ್ಟು ಐದು. ಕೆಳಗಿನ ರಿಂಗಿಗೆ ಲಾಡಿ ಕಟ್ಟಿ ಮೇಲಿನವುಗಳಲ್ಲಿ ತೂರಿಸಿ ಎಳೆದರೆ ಬಟ್ಟೆ ಮಡಿಕೆ ಮಡಿಕೆಯಾಗಿ ಹಿಂದೆ ಉಬ್ಬುತ್ತದೆ. ಬಸ್ಸಿನಲ್ಲಿ ಕೂರುವಾಗ ಬಿಟ್ಟರಾಯಿತು.

ಸೊಂಟದ ಅಗಲ ಪಟ್ಟಿಗೆ ಆಟೋ ಸೀಟು ಹೊಲಿಯುವವರ ಬಳಿ ಕಂದು ರೆಕ್ಸಿನ್ ಅರ್ಧ ಮೀಟರ್. ಸೊಂಟದ ಸುತ್ತಳತೆಗಿಂತ ಐದು ಸೆಂಟಿಮೀಟರ್ ಕಡಿಮೆ ಕತ್ತರಿಸಿ, ಆ ಸಂದಿ ಲೇಸು ಕಟ್ಟಲು. ಮನೆ ಮೆಷಿನ್ನಿನಲ್ಲಿ 16 ಅಥವಾ 18 ನಂಬರ್ ಸೂಜಿ, ಹೊಲಿಗೆ ನಾಲ್ಕು ಮಿಲಿಮೀಟರ್ ಉದ್ದ. ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿಯ ಹಾಗೆ ತೂತಿನ ಸಾಲಲ್ಲೇ ಹರಿಯುತ್ತದೆ. ಮೆಷಿನ್ನಿನ ಪಾದ ರೆಕ್ಸಿನ್ನಿಗೆ ಅಂಟಿಕೊಂಡು ಮುಂದೆ ಸಾಗದಿದ್ದರೆ ಅದರಡಿಗೆ ಸೆಲೋಟೇಪ್ ಅಂಟಿಸಿ. ಐಲೆಟ್ (ಲೇಸಿನ ತೂತಿಗೆ ಹಾಕುವ ಲೋಹದ ಬಳೆ) ಹೊಡೆಯುವ ಕಡೆ ಒಳಗೆ ಕಾಲರ್ ಕ್ಯಾನ್ವಾಸ್ ಎರಡು ಪದರ ಕೊಡಿ, ಇಲ್ಲದಿದ್ದರೆ ಲೇಸು ಎಳೆದ ಕೂಡಲೇ ಕಿತ್ತುಬರುತ್ತದೆ. ಐಲೆಟ್ಟನ್ನು ಚಪ್ಪಲಿ ರಿಪೇರಿಯವರೇ ಹೊಡೆದುಕೊಡುತ್ತಾರೆ. ಅಂಟಿಸುವ ಕಡೆ ಬಿಳಿ ಫೆವಿಕಾಲ್ ನಡೆಯದು, ಚಪ್ಪಲಿಗೆ ಹಾಕುವ ಗಮ್ ಬೇಕು: ಎರಡೂ ಮುಖಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಒಳಗೆ ಹಳೇ ಲುಂಗಿಯ ಬಟ್ಟೆ ಹೊಲಿಯದಿದ್ದರೆ ಮಧ್ಯಾಹ್ನಕ್ಕೆ ಬೆವರಿನ ಕೆರೆ.

ಖರ್ಚು ಅಂದಾಜು ಹೀಗೆ ಬರುತ್ತದೆ: ಕನ್ನಡಕ 150, ರೆಕ್ಸಿನ್ 150, ಬರ್ನರ್ 150, ತಾಮ್ರದ ಪೈಪು ತಂತಿ ಸೇರಿ 150, ಬಣ್ಣ 120, ಗಮ್ 60, ಐಲೆಟ್ 50, ದೀಪ 30, ಪಟಿಕ ಎಮರಿ ಇತ್ಯಾದಿಗೆ 40. ಒಟ್ಟು 900. ಗುಜರಿಯಲ್ಲಿ ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ, ಆದರೆ ಏನಕ್ಕೆ ಅಂತ ಹೇಳಬೇಡಿ; ಹೇಳಿದರೆ ಅದೇ ಬರ್ನರ್ 'ಆಂಟಿಕ್ ಪೀಸ್' ಆಗಿಬಿಡುತ್ತದೆ.

ಬೆಂಗಳೂರಿಗೆ ಹೊರಟವರು ಪಿಸ್ತೂಲಿನಂತೆ ಕಾಣುವುದೇನನ್ನೂ ಮಾಡಬೇಡಿ, ಮೆಟ್ರೊ ತಪಾಸಣೆಯಲ್ಲಿ ಅರ್ಧ ದಿನ ಹೋಗುತ್ತದೆ. ಬಾಯ್ಲರ್ ಪಟ್ಟಿಯನ್ನು ಬ್ಯಾಗಿನಲ್ಲಿ ಒಯ್ದು ಅಲ್ಲೇ ತೊಡಿ. ಜೇಬಿನಲ್ಲಿ ಒಂದು ಮಾರು ತಂತಿ, ಆರು ಪಿನ್ನು, ಒಂದು ಹೆಚ್ಚಿನ ಸೆಲ್. ವಾಪಸ್ ಬಂದ ಮೇಲೆ ಚೊಗರಿನ ಅಂಗಿಯನ್ನು ಬೇರೆಯೇ ಬಕೆಟ್ಟಿನಲ್ಲಿ ಜಾಲಿಸಿ. ಅಪ್ಪನ ಬಿಳಿ ಪಂಚೆ ಅದೇ ನೀರಿಗೆ ಬಿದ್ದರೆ ಮುಂದಿನ ಸಲ ಕೋಟು ಸಿಗುವುದಿಲ್ಲ.