ಭೀಮ ದೊಡ್ಡಪ್ಪ ಯಾಕೆ ಬರಲಿಲ್ಲ?

ಮಹಾಭಾರತವನ್ನು ಶಂತನುವಿನಿಂದ ಶುರು ಮಾಡಿದರೆ ಚಿಕ್ಕ ಮಕ್ಕಳು ಸತ್ಯವತಿ ಬರುವಷ್ಟರಲ್ಲಿ ಎದ್ದು ಓಡಿರುತ್ತಾರೆ. ಆ ವಯಸ್ಸಿಗೆ ವಂಶದ ಲೆಕ್ಕ ಬೇಡ. ಒಂದು ಊರು, ಒಬ್ಬ ರಾಕ್ಷಸ, ಒಂದು ಗಾಡಿ ಅನ್ನ ಇದ್ದರೆ ಸಾಕು. ಅಂಥ ಊರು ನಮ್ಮ ಚಿಕ್ಕಮಗಳೂರಿನ ಹತ್ತಿರವೇ ಇದೆ, ಬೆಳವಾಡಿ. ಪಾಂಡವರು ಅಡಗಿಕೊಂಡಿದ್ದ ಏಕಚಕ್ರನಗರ ಇದೇ ಅಂತ ಇಲ್ಲಿಯವರ ನಂಬಿಕೆ.

ದಸರಾ ರಜೆಗೆ ಅಕ್ಕನ ಮಕ್ಕಳು ಬಂದಿದ್ದಾಗ ಬುತ್ತಿ ಕಟ್ಟಿಕೊಂಡು ಹೊರಟೆವು. ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಐದು. ವೀರನಾರಾಯಣ ದೇವಸ್ಥಾನದ ಬಾಗಿಲಲ್ಲಿ ನಿಂತ ಎರಡು ಕಲ್ಲಾನೆ ನೋಡಿ ಇಬ್ಬರಿಗೂ ಖುಷಿ. ಒಳಗೆ ಸುತ್ತಿ ಬಂದು ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ ಮೇಲೆ ಬಕಾಸುರನ ಕಥೆ ತೆಗೆದೆ. "ಗಾಡೀಲಿ ಏನೇನಿತ್ತು, ನೀವೇ ಹೇಳಿ" ಅಂದೆ ಅಷ್ಟೇ. ಅನ್ನ, ಕಡುಬು, ಅಕ್ಕಿರೊಟ್ಟಿ, ಹಲಸಿನ ಹಣ್ಣು, ಕೊನೆಗೆ ಚಿಕ್ಕವನ ಪಾಲಿನ ಐಸ್‌ಕ್ರೀಮು. ಭೀಮ ಅಷ್ಟನ್ನೂ ತಿನ್ನುತ್ತಿರುವಾಗ ಬಕಾಸುರ ಹಿಂದಿನಿಂದ ಬೆನ್ನಿಗೆ ಗುದ್ದುತ್ತಾನಲ್ಲ, ಆಗ ಚಿಕ್ಕವನು ರೊಟ್ಟಿ ಕಚ್ಚಿಕೊಂಡೇ ತಿರುಗಿ ನೋಡಿದ. ಕಥೆ ಹೇಳಲು ನನಗೆ ಊಟದ ಹೊತ್ತಿಗಿಂತ ಒಳ್ಳೆಯ ಹೊತ್ತು ಕಾಣುವುದಿಲ್ಲ. ಕೈ ಬಾಯಿ ಕೆಲಸದಲ್ಲಿರುತ್ತದೆ, ಕಿವಿ ಬಿಡುವಾಗಿರುತ್ತದೆ.

ಅಲ್ಲಿಂದ ಹಳೇಬೀಡು ದೂರವಿಲ್ಲ. 1121ರ ಹೊತ್ತಿಗೆ ಕಟ್ಟಲು ಶುರುಮಾಡಿದ ಹೊಯ್ಸಳೇಶ್ವರ ದೇವಸ್ಥಾನ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ದೊಡ್ಡವರು ಇಲ್ಲಿ ಶಿಲ್ಪಕಲೆ ನೋಡುತ್ತಾರೆ. ಮಕ್ಕಳಿಗೆ ಇದು ಸುತ್ತಲೂ ಚಿತ್ರ ಇರುವ ಗೋಡೆ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಕುದುರೆ, ಅದರ ಮೇಲಿನ ಒಂದು ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತ. ನಾನು ಏನನ್ನೂ ವಿವರಿಸಲು ಹೋಗಲಿಲ್ಲ. "ಬೆಟ್ಟ ಎತ್ತಿದವರು ಇಬ್ಬರಿದ್ದಾರೆ, ಹುಡುಕಿ" ಅಂದೆ. ಗೋವರ್ಧನ ಎತ್ತಿದ ಕೃಷ್ಣ ಬೇಗ ಸಿಕ್ಕ. ಕೈಲಾಸ ಎತ್ತುವ ರಾವಣನ ಮುಂದೆ ಮಾತ್ರ ಇಬ್ಬರೂ ಬಹಳ ಹೊತ್ತು ನಿಂತರು. ಬೆಟ್ಟದ ಮೇಲೆ ಶಿವ ಪಾರ್ವತಿ, ಕೆಳಗೆ ತಲೆಗಳ ಸಾಲು. "ಕೃಷ್ಣ ಎತ್ತಿದ್ದು ಮಳೆ ಬಂತು ಅಂತ. ಇವನು ಯಾಕೆ ಎತ್ತಿದ?" ಅಂತ ದೊಡ್ಡವಳು ಕೇಳಿದಳು. ಆ ಪ್ರಶ್ನೆ ನಾನು ಹೇಳಿಕೊಟ್ಟಿದ್ದಲ್ಲ, ಗೋಡೆ ಕೇಳಿಸಿದ್ದು.

ಆಮೇಲೆ ಚಕ್ರವ್ಯೂಹದ ಪಟ್ಟಿಗೆ ಬಂದೆವು. ಸುರುಳಿ ಸುತ್ತಿಕೊಂಡ ಗೆರೆಗಳು, ಅಕ್ಕಪಕ್ಕ ಸೈನಿಕರು. ಬಳಪದ ಕಲ್ಲು ಕಡೆಯುವಾಗ ಮೆತ್ತಗಿರುತ್ತದೆ, ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಗಿದೆ. ಚಿಕ್ಕವನನ್ನು ಎತ್ತಿಕೊಂಡೆ. ಮುಟ್ಟಬಾರದು ಅಂತ ಮೊದಲೇ ಹೇಳಿದ್ದರಿಂದ ಗಾಳಿಯಲ್ಲೇ ಬೆರಳಾಡಿಸುತ್ತಾ ಸುತ್ತು ಸುತ್ತು ಒಳಗೆ ಹೋದ. ಅಲ್ಲೇ ನಿಂತುಬಿಟ್ಟ.

"ಚಿಕ್ಕಿ, ಹೊರಗೆ ಬರೋ ದಾರಿ?"

ಅಭಿಮನ್ಯುವಿಗೆ ಅದು ಗೊತ್ತಿರಲಿಲ್ಲ ಅಂತ ಹೇಳಿದೆ. ಅವನು ಅಲ್ಲೇ ಸತ್ತ ಅಂತಲೂ ಹೇಳಿದೆ. ಮಕ್ಕಳ ಕಥೆಯಿಂದ ಸಾವನ್ನು ತೆಗೆದುಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೇಳುವ ರೀತಿ ಮೆತ್ತಗಿರಲಿ, ರಕ್ತದ ವರ್ಣನೆ ಬೇಡವೇ ಬೇಡ. ಆದರೆ ಅಭಿಮನ್ಯು ಗೆದ್ದು ಮನೆಗೆ ಬಂದ ಅಂತ ಹೇಳಿದರೆ ಆ ಹುಡುಗನಿಗೇ ಅನ್ಯಾಯ ಮಾಡಿದಂತೆ.

ಚಿಕ್ಕವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಭೀಮ ದೊಡ್ಡಪ್ಪ ಯಾಕೆ ಬರಲಿಲ್ಲ? ಅಷ್ಟೊಂದು ಊಟ ಮಾಡಿದ್ನಲ್ಲ!"

ಬೆಳವಾಡಿಯ ಭೀಮ ಹಳೇಬೀಡಿನ ಗೋಡೆಯವರೆಗೂ ಬಂದಿದ್ದ ನೋಡಿ. ಭೀಮ ಬಂದಿದ್ದ ಕಣೋ ಅಂದೆ. ಅಭಿಮನ್ಯುವಿನ ಬೆನ್ನ ಹಿಂದೆಯೇ ಬಂದ, ಬಾಗಿಲಲ್ಲಿ ಕೌರವರ ಕಡೆಯ ಸೈಂಧವ ತಡೆದ. ಅರ್ಜುನ ಒಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆಯುವ ವರ ಸೈಂಧವನಿಗಿತ್ತು. ಅವತ್ತು ಅರ್ಜುನ ದೂರದಲ್ಲಿ, ಅವನನ್ನು ಕೊಲ್ಲುತ್ತೇವೆ ಇಲ್ಲವೇ ಸಾಯುತ್ತೇವೆ ಅಂತ ಶಪಥ ಮಾಡಿದ್ದ ಸಂಶಪ್ತಕರ ಜೊತೆ ಯುದ್ಧದಲ್ಲಿದ್ದ.

"ವರ ಕೊಟ್ಟಿದ್ದು ಯಾರು?" ದೊಡ್ಡವಳು ಕೇಳಿದಳು.

ಶಿವ. ನಾವು ನಿಂತಿದ್ದದ್ದು ಶಿವನ ಗುಡಿಯ ಗೋಡೆಯ ಮುಂದೆ. ಅವಳು ಒಂದು ಸಲ ಒಳಗಡೆ ನೋಡಿದಳು, ಏನೂ ಮಾತಾಡಲಿಲ್ಲ. ನಾನೂ ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಅದನ್ನು ಇಟ್ಟುಕೊಂಡು ಬೆಳೆಯಲಿ, ಮುಂದೆ ತಾನೇ ಹುಡುಕಿ ಓದುತ್ತಾಳೆ.

ಸಂಜೆ ಮನೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡದಾಗಿ ಚಕ್ರವ್ಯೂಹ ಬರೆದರು. ಪಕ್ಕದ ಮನೆ ಮಕ್ಕಳೂ ಸೇರಿದರು. ಎಲ್ಲರಿಗೂ ಅಭಿಮನ್ಯು ಆಗಬೇಕು, ಸೈಂಧವ ಯಾರಿಗೂ ಬೇಡ. ಕೊನೆಗೆ ದೊಡ್ಡವಳೇ ಸೈಂಧವನಾಗಿ ಬಾಗಿಲಲ್ಲಿ ಕೈ ಅಗಲಿಸಿ ನಿಂತಳು. ಚಿಕ್ಕವನು ಭೀಮ. ತಲೆ ತಗ್ಗಿಸಿ ಅವಳ ಕಂಕುಳ ಕೆಳಗೆ ನುಗ್ಗಲು ನೋಡಿದ, ಆಗಲಿಲ್ಲ.

"ವರ ಇವತ್ತು ಒಂದೇ ದಿನ ಕಣೋ" ಅಂದಳು ಅವಳು.

"ಹಾಗಾದ್ರೆ ನಾಳೆ ನಾನೇ ಅರ್ಜುನ" ಅಂದ ಇವನು.