ಹನ್ನೆರಡನೇ ಕುರ್ಚಿ

ಪವಿತ್ರ ಗುರುವಾರದ ಸಂಜೆಯ ಆರಾಧನೆಗೆ ಜಾಸ್ತಿ ಸಾಮಾನು ಬೇಕಿಲ್ಲ. ಒಂದು ಹಿತ್ತಾಳೆ ಪರಾತ, ಒಂದು ಚರಗಿ, ಎರಡು ಬಕೆಟ್ ಉಗುರುಬೆಚ್ಚಗಿನ ನೀರು, ಹನ್ನೆರಡು ಟವೆಲ್, ಹನ್ನೆರಡು ಕುರ್ಚಿ. ಇಷ್ಟೂ ಮಧ್ಯಾಹ್ನದೊಳಗೆ ಹೊಂದಿಕೆಯಾಗುತ್ತದೆ. ಹೊಂದಿಕೆಯಾಗದೇ ಇರುವುದು ಕುರ್ಚಿಯಲ್ಲಿ ಕೂರುವ ಹನ್ನೆರಡು ಜನ.

ಯೇಸು ಸಾಯುವ ಹಿಂದಿನ ರಾತ್ರಿ ಊಟದ ನಡುವೆ ಎದ್ದನು. ಮೇಲುಹೊದಿಕೆ ತೆಗೆದಿಟ್ಟು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದನು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಇದು ಬರುತ್ತದೆ. ಆ ನೆನಪಿಗೆ ಸಭಾಪಾಲಕನು, ಅಂದರೆ ಪಾದ್ರಿ, ಸಭೆಯ ಹನ್ನೆರಡು ಮಂದಿಯ ಕಾಲು ತೊಳೆಯುವುದು ನಮ್ಮಲ್ಲಿ ನಡೆದುಬಂದಿದೆ. ನಾನು ನೋಡಿಕೊಳ್ಳುವುದು ಗದಗ ಸೀಮೆಯ ಸಣ್ಣ ಕ್ರೈಸ್ತ ಸಭೆ. ನೇಕಾರರು, ಒಂದಿಷ್ಟು ಮಾಸ್ತರುಗಳು, ಬೆಟಗೇರಿಯ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ನರ್ಸಮ್ಮಂದಿರು, ಕೂಲಿಯವರು. ಎಲ್ಲ ಸೇರಿ ಅರವತ್ತು ಮನೆ ಆಗಬಹುದು. ಅರವತ್ತು ಮನೆಯಲ್ಲಿ ಹನ್ನೆರಡು ಜೊತೆ ಕಾಲು ಸಿಗುವುದಿಲ್ಲ ಅಂದರೆ ನಂಬುತ್ತೀರಾ?

ಗಂಡಸರು ಆ ದಿನ ಸರಿಯಾಗಿ ಐದಕ್ಕೆ ಊರಲ್ಲಿ ಇರುವುದಿಲ್ಲ. ಯುವಕರು ಕ್ವೈರ್‌ನಲ್ಲಿ ಹಾಡಬೇಕು ಎನ್ನುತ್ತಾರೆ. ಅಷ್ಟು ಜನ ಹಾಡುವವರು ನಮ್ಮಲ್ಲಿ ಇದ್ದಾರೆಂದು ಉಳಿದ ಭಾನುವಾರಗಳಲ್ಲಿ ಗೊತ್ತೇ ಆಗುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ಅಜ್ಜಿಯನ್ನು ನಾನೇ ಹೋಗಿ ಕರೆದೆ. ಎಂಬತ್ತರ ಹತ್ತಿರದ ವಯಸ್ಸು. ಅವಳು ಬಾಯಿಗೆ ಸೆರಗು ಹಿಡಿದು, "ಅಯ್ಯನವರ, ನಿಮ್ಮ ಕೈಲೆ ಕಾಲ್ ಮುಟ್ಟಿಸ್ಕೊಂಡು ನಾ ಯಾವ ನರಕಕ್ಕ ಹೋಗ್ಲಿ?" ಎಂದಳು.

ಆ ರಾತ್ರಿ ಯೇಸುವಿನ ಶಿಷ್ಯ ಪೇತ್ರ ಅಂದದ್ದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ನೀನು ನನ್ನ ಕಾಲು ತೊಳೆಯೋದಾ, ಎಂದಿಗೂ ಆಗದು ಎಂದು ಹಟ ಹಿಡಿದ. ಅಜ್ಜಿಗೆ ಓದು ಬರುವುದಿಲ್ಲ. ಆದರೆ ಪೇತ್ರನ ಮುಜುಗರ ಅವಳಿಗೆ ಅರ್ಥವಾದಷ್ಟು ನನಗೆ ಥಿಯಾಲಜಿ ಕಾಲೇಜಿನಲ್ಲಿ ಆಗಿರಲಿಲ್ಲ.

ನಮ್ಮ ಕಡೆ ಕಾಲು ತೊಳೆಯುವುದಕ್ಕೆ ಒಂದು ಲೆಕ್ಕ ಇದೆ. ಮದುವೆಯಲ್ಲಿ ಅತ್ತೆ ಮಾವ ಅಳಿಯನ ಕಾಲು ತೊಳೆಯುತ್ತಾರೆ. ಲಿಂಗಾಯತರ ಮನೆಗಳಲ್ಲಿ ಜಂಗಮರ ಪಾದಪೂಜೆ ಆಗುತ್ತದೆ, ಪಾದೋದಕ ತೆಗೆದುಕೊಳ್ಳುತ್ತಾರೆ. ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುತ್ತಾರೆ. ಯಾರು ಯಾರ ಕಾಲು ತೊಳೆಯಬೇಕು ಎಂಬುದು ಆರು ವರ್ಷದ ಮಗುವಿಗೂ ಗೊತ್ತು. ಆ ಲೆಕ್ಕವನ್ನು ಯೇಸು ತಲೆಕೆಳಗು ಮಾಡಿದ್ದು ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಅರ್ಥವಾಗಿರುವುದರಿಂದಲೇ ಯಾರೂ ಕುರ್ಚಿಗೆ ಬರುತ್ತಿಲ್ಲ.

ಕೊನೆಯ ಕುರ್ಚಿಯದು ಬೇರೆಯೇ ಕಥೆ. ಮೂರು ವರ್ಷದ ಹಿಂದೆ ಸಂಡೇ ಸ್ಕೂಲಿನ ಒಬ್ಬ ಹುಡುಗ, "ಇದರೊಳಗ ಯೂದನ ಕುರ್ಚಿ ಯಾವ್ದು?" ಎಂದು ಗಟ್ಟಿಯಾಗಿ ಕೇಳಿಬಿಟ್ಟ. ಯಾರೋ ತಮಾಷೆಗೆ ಕೊನೇದು ಅಂದರು. ಅವತ್ತಿನಿಂದ ಹನ್ನೆರಡನೇ ಕುರ್ಚಿಗೆ ಜನವೇ ಇಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಆ ರಾತ್ರಿ ಅಲ್ಲೇ ಕೂತಿದ್ದ, ಅವನ ಕಾಲನ್ನೂ ಯೇಸು ತೊಳೆದನು ಎಂದು ನಾನು ಎರಡು ಪ್ರಸಂಗ, ಅಂದರೆ ಉಪದೇಶ, ಮಾಡಿದೆ. ಅದರಿಂದ ಕುರ್ಚಿಯ ಹೆಸರು ಇನ್ನಷ್ಟು ಗಟ್ಟಿಯಾಯಿತು, ಅಷ್ಟೆ.

ಬರುವ ಹನ್ನೊಂದು ಜನರೂ ಮನೆಯಲ್ಲೇ ಕಾಲು ತಿಕ್ಕಿ ತೊಳೆದುಕೊಂಡು ಬರುತ್ತಾರೆ. ಹಿಮ್ಮಡಿ ಹೊಳೆಯುತ್ತಿರುತ್ತದೆ. ನಾನು ತೊಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಒಂದು ಸಲ ಮಾತ್ರ ಒಬ್ಬ ನೇಕಾರ ಕೆಲಸದಿಂದ ನೇರ ಬಂದಿದ್ದ. ಕುಣಿಮಗ್ಗದಲ್ಲಿ ದಿನವಿಡೀ ತುಳಿದ ಕಾಲು. ಅಂಗಾಲು ಹಲಗೆಯ ಹಾಗೆ ಗಟ್ಟಿ. ಬೆರಳ ಸಂದಿಯಲ್ಲಿ ಬಣ್ಣದ ನೂಲಿನ ಎಳೆಗಳು. ಪರಾತದ ನೀರು ಕೆಂಪಗೆ ತಿರುಗಿತು. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಅದೊಂದು ಕಾಲು ಈಗಲೂ ನೆನಪಿದೆ.

ಮಂಗಳೂರಿನ ಬಲ್ಮಠದ ಥಿಯಾಲಜಿ ಕಾಲೇಜಿನಲ್ಲಿ ಓದು ಮುಗಿಸಿ ನಾನು ಸೇವೆಗೆ ಬಂದಾಗ ನನ್ನ ಚೀಲ ಭರ್ತಿಯಾಗಿತ್ತು. ನೋಟ್ಸು, ಪ್ರಸಂಗಗಳು, ಯಾವ ಪ್ರಶ್ನೆಗೆ ಯಾವ ವಚನ ಎಂಬ ಪಟ್ಟಿ. ಮೊದಲ ವಾರವೇ ಒಂದು ಹಳ್ಳಿಯಲ್ಲಿ ಒಂಬತ್ತು ಮನೆ ಭೇಟಿ ಮಾಡಿದೆ. ಹಿರಿಯ ಸಭಾಪಾಲಕರೊಬ್ಬರ ಹತ್ತಿರ ಹೋಗಿ ಹೆಮ್ಮೆಯಿಂದ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಮನ್ಯಾಗ ನೀರು ಕುಡದಿ?" ಹೊತ್ತಾಗುತ್ತದೆ ಎಂದು ಎಲ್ಲ ಕಡೆ ಬೇಡ ಅಂದಿದ್ದೆ. "ಹಂಗಾದ್ರ ನೀ ಯಾರ ಮನಿಗೂ ಹೋಗಿಲ್ಲ ಬಿಡು" ಎಂದರು. ನನಗೆ ಸಿಟ್ಟು ಬಂತು. ವಾಕ್ಯ ಹೇಳಿ ಬಂದೆ, ಪ್ರಾರ್ಥನೆ ಮಾಡಿ ಬಂದೆ, ನೀರಿನದೇನು ದೊಡ್ಡ ವಿಷಯ ಅನ್ನಿಸಿತು.

ನೀರಿನದೇ ದೊಡ್ಡ ವಿಷಯ ಎಂದು ತಿಳಿಯಲು ಹತ್ತು ವರ್ಷ ಹಿಡಿಯಿತು. ಯೋಹಾನನ 4ನೇ ಅಧ್ಯಾಯ ನೋಡಿ. ಮಟಮಟ ಮಧ್ಯಾಹ್ನ. ಯೇಸು ನಡೆದು ದಣಿದು ಸಮಾರ್ಯದ ಬಾವಿಯ ಹತ್ತಿರ ಕೂತಿದ್ದಾನೆ. ಸೇದಲು ಏನೂ ಇಲ್ಲ. ನೀರಿಗೆ ಬಂದ ಹೆಂಗಸಿಗೆ ಅವನು ಹೇಳುವ ಮೊದಲ ಮಾತು ಉಪದೇಶ ಅಲ್ಲ. ನನಗೆ ಕುಡಿಯಲಿಕ್ಕೆ ಕೊಡು ಎನ್ನುತ್ತಾನೆ. ಅವಳು ಬೆಚ್ಚುತ್ತಾಳೆ. ನೀನು ಯೆಹೂದ್ಯ, ನಾನು ಸಮಾರ್ಯದವಳು, ನನ್ನ ಹತ್ತಿರ ನೀರು ಕೇಳುತ್ತೀಯಾ ಎನ್ನುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಏನು ಜಗಳ ಎಂದು ನಾನು ಸ್ತ್ರೀಯರ ಕೂಟದಲ್ಲಿ ವಿವರಿಸಲು ಹೊರಟಿದ್ದೆ. ಒಬ್ಬಾಕೆ ತಡೆದು, "ಗೊತ್ತಾತ್ರಿ, ಮುಂದ ಹೇಳ್ರಿ" ಎಂದಳು. ಎಲ್ಲರೂ ನಕ್ಕರು. ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ.

ನನ್ನನ್ನು ತಡೆದವಳ ಅಜ್ಜನ ಕಾಲದಲ್ಲಿ ಕೈ ಬೊಗಸೆ ಮಾಡಿದರೆ ಮೇಲಿನಿಂದ ನೀರು ಹೊಯ್ಯುತ್ತಿದ್ದರಂತೆ, ಚರಗಿ ಕೈಗೆ ಕೊಡುತ್ತಿರಲಿಲ್ಲ. ಆ ಅಜ್ಜ ದೀಕ್ಷಾಸ್ನಾನ ತೆಗೆದುಕೊಂಡ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಎಲ್ಲರೂ ತುಟಿ ಇಟ್ಟ ಪಾತ್ರೆಯಲ್ಲೇ ಅವನಿಗೂ ಕುಡಿಯಲು ಕೊಟ್ಟರು. ಏನು ನೋಡಿ ಸೇರಿದೆ ಎಂದು ಯಾರಾದರೂ ಕೇಳಿದರೆ ಸ್ವರ್ಗ, ಪಾಪಕ್ಷಮೆ ಏನನ್ನೂ ಹೇಳುತ್ತಿರಲಿಲ್ಲವಂತೆ. ಆ ಪಾತ್ರೆಯ ಸಂಗತಿ ಹೇಳುತ್ತಿದ್ದನಂತೆ. ಹಾಗಂತ ನಾವೇನು ದೊಡ್ಡವರಾಗಿಬಿಟ್ಟಿಲ್ಲ. ಇವತ್ತಿಗೂ ಮಕ್ಕಳ ಮದುವೆ ಮಾತು ಬಂದರೆ ನಮ್ಮ ಸಭೆಯ ಹಿರಿಯರು ಮೂರು ತಲೆಮಾರು ಹಿಂದಿನದನ್ನು ಕೆದಕುತ್ತಾರೆ. ಅವತ್ತು ಒಂದೇ ಪಾತ್ರೆಯಲ್ಲಿ ಕುಡಿದವರ ಮೊಮ್ಮಕ್ಕಳು ಇವರು. ಇದನ್ನು ಪ್ರಸಂಗದಲ್ಲಿ ಹೇಳಿದಾಗಲೆಲ್ಲ ಕಾಣಿಕೆ ಚೀಲ ಹಗುರವಾಗುತ್ತದೆ. ಹೇಳುವುದನ್ನು ಬಿಟ್ಟಿಲ್ಲ.

ಯೇಸು ಹನ್ನೆರಡು ಮಂದಿಯನ್ನು ಊರೂರಿಗೆ ಕಳಿಸುವಾಗಲೂ ಹೀಗೇ. ಹಣ ಬೇಡ, ಚೀಲ ಬೇಡ, ಎರಡು ಅಂಗಿ ಬೇಡ ಎಂದನು. ಅಂದರೆ ಆ ದಿನದ ಊಟವನ್ನು ಯಾರದೋ ಮನೆಯಲ್ಲೇ ಕೇಳಬೇಕು. ಮತ್ತಾಯನ 10ನೇ ಅಧ್ಯಾಯದ ಕೊನೆಗೆ ಒಂದು ಪಾತ್ರೆ ತಣ್ಣೀರಿನ ಮಾತು ಬರುತ್ತದೆ. ಆ ವಚನವನ್ನು ನಾವು ದಾನ ಧರ್ಮದ ಪ್ರಸಂಗಕ್ಕೆ ಬಳಸುತ್ತೇವೆ, ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟಾಗ ಬ್ಯಾನರ್ ಮೇಲೆ ಬರೆಸುತ್ತೇವೆ. ನಾನೂ ಬರೆಸಿದ್ದೇನೆ. ಆದರೆ ಅಲ್ಲಿ ನೀರು ಕೊಡುವವರು ಶಿಷ್ಯರಲ್ಲ. ಬೇರೆಯವರು ಶಿಷ್ಯರಿಗೆ ಕೊಡುತ್ತಾರೆ. ಬಾಯಾರಿ ಬಾಗಿಲಲ್ಲಿ ನಿಂತವರು ಶಿಷ್ಯರು. ನಾವೋ ಸೌಂಡ್ ಬಾಕ್ಸು, ಕರಪತ್ರ, ಬಾಡಿಗೆ ಟೆಂಪೊ ಎಲ್ಲ ಕಟ್ಟಿಕೊಂಡು ಹೋಗುತ್ತೇವೆ. ಯಾರ ಮನೆಯ ನೀರೂ ಬೇಡವಾಗುವ ಹಾಗೆ ಬಿಸ್ಲೆರಿ ಬಾಟಲಿ ಬೇರೆ.

ನನ್ನ ಮೆಚ್ಚಿನ ಪಾದ್ರಿ ಎಂದರೆ ಕಿಟ್ಟೆಲ್. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಿದ್ದರು. ಜಾತ್ರೆಯಲ್ಲಿ ನಿಂತು ಬೇರೆಯವರ ದೇವರನ್ನು ಹಳಿದ ಪಾದ್ರಿಗಳೂ ಅವರಲ್ಲಿ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಕಿಟ್ಟೆಲ್ 1853ರಲ್ಲಿ ಬಂದರು. ಹೇಳುವುದಕ್ಕೆಂದು ಬಂದವರು ಕೇಳುತ್ತಾ ಕೂತುಬಿಟ್ಟರು. ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ ಎಂದು ಕೇಳಿ ಕೇಳಿ ಪದ ಕೂಡಿಸಿದರು. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ 'ಕಥಾಮಾಲೆ' ಎಂದು ಬರೆದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚಾಯಿತು. ಅವರು ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯ ಕಡೆ ಅವರ ಪ್ರತಿಮೆ ಇದೆ. ಅಲ್ಲಿಗೆ ಹೋದಾಗೆಲ್ಲ ಸುಮ್ನೆ ಒಂದು ನಿಮಿಷ ನಿಂತು ಬರುತ್ತೇನೆ.

"ನೀವು ಮತಾಂತರ ಮಾಡ್ತೀರೇನ್ರಿ?" ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದ ಮೇಲಂತೂ ಹಾಲಿನವನೂ ಕೇಳಿದ. ನನ್ನ ಉತ್ತರ ಇಷ್ಟೇ. ಯೇಸುವಿನ ಸಂಗತಿ ಕೇಳಿದರೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ನಾನು ಏನು ಸಭಾಪಾಲಕ? ಆಮೇಲಿನದು ಅವರಿಗೂ ದೇವರಿಗೂ ಬಿಟ್ಟದ್ದು. ಅಕ್ಕಿ ಕೊಟ್ಟು, ಆಸೆ ತೋರಿಸಿ, ಹೆದರಿಸಿ ತಂದ ನಂಬಿಕೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಲಿಂಗಾಯತ ತಾಯಿ ಇದ್ದರು. ಕಿಡ್ನಿ ಕೆಟ್ಟು ಹಾಸಿಗೆ ಹಿಡಿದಿದ್ದರು. ಒಂದು ದಿನ ಮಗನನ್ನು ಕಳಿಸಿ ನನ್ನನ್ನು ಕರೆಸಿದರು. ಹೋದರೆ ಮೊದಲು ಬೆಲ್ಲ, ನೀರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. "ಪಾದ್ರಿಯವರ, ನಿಮ್ಮ ದೇವರ ಹಂತ್ಯಾಕೂ ಒಂದ್ ಮಾತು ಹೇಳ್ರಿ" ಎಂದರು. ನಾನು ಹೇಳಿದೆ. ಕಣ್ಣು ಮುಚ್ಚಿ, ಕನ್ನಡದಲ್ಲಿ, ಚಿಕ್ಕದಾಗಿ. ಮುಗಿದ ಮೇಲೆ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂಬ ಕೀರ್ತನೆ ಓದಿದೆ. "ಕೊರತೆಪಡೆನು" ಎಂಬ ಮಾತನ್ನು ಅವರು ಎರಡು ಸಲ ಹೇಳಿಸಿಕೊಂಡರು. "ಕುರುಬ ಅಂದ್ರ ಕುರಿ ಕಾಯಾಂವ ಏನ್ರಿ? ನಮ್ಮ ಹೊಲದಾಗೂ ಕುರಿ ನಿಲ್ಲಿಸ್ತಿದ್ವಿ" ಎಂದು ಹಳೆಯದೆಲ್ಲ ತೆಗೆದರು. ಆಮೇಲೆ ನಾಲ್ಕು ತಿಂಗಳು ಪ್ರತಿ ಬುಧವಾರ ಹೋದೆ. ಪ್ರತಿ ಸಲ ಬೆಲ್ಲ, ನೀರು, ಆ ಕೀರ್ತನೆ.

ಅವರು ಕ್ರೈಸ್ತರಾಗಲಿಲ್ಲ. ಶ್ರಾವಣದಲ್ಲಿ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ನಾನು ದೂರ ನಿಂತಿದ್ದೆ. ಮಗ ಬಂದು ಕೈ ಹಿಡಿದು ಮುಂದೆ ಕರೆದುಕೊಂಡು ಹೋದ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆ ವರ್ಷದ ವರದಿಯಲ್ಲಿ ಹೊಸ ಸದಸ್ಯರ ಸಂಖ್ಯೆ ಬರೆಯುವ ಕಡೆ ಸೊನ್ನೆ ಬರೆದೆ. ಬುಧವಾರಗಳನ್ನು ಬರೆಯಲು ಆ ಫಾರಂನಲ್ಲಿ ಜಾಗ ಇರಲಿಲ್ಲ.

ಈ ವರ್ಷದ ಗುರುವಾರಕ್ಕೆ ಬರುತ್ತೇನೆ. ಹನ್ನೊಂದು ಕುರ್ಚಿ ತುಂಬಿತು. ಹನ್ನೆರಡನೆಯದು ಎಂದಿನಂತೆ ಖಾಲಿ. ಸೆಕೆ ವಿಪರೀತ, ಕರೆಂಟು ಬೇರೆ ಹೋಗಿತ್ತು. ಮಂಡಿಯೂರಿ ಒಬ್ಬೊಬ್ಬರದೇ ತೊಳೆದುಕೊಂಡು ಹೋದೆ. ಹನ್ನೊಂದನೆಯವರ ಕಾಲು ಒರೆಸಿ ಎದ್ದು ನಿಂತಾಗ ಚರಗಿ ನನ್ನ ಕೈಯಲ್ಲಿ ಇರಲಿಲ್ಲ. ಮುಂದಿನ ಸಾಲಿನ ಅಜ್ಜಿ ಅದನ್ನು ಎತ್ತಿಕೊಂಡು ನಿಂತಿದ್ದಳು. ಇನ್ನೊಂದು ಕೈಯಿಂದ ಖಾಲಿ ಕುರ್ಚಿ ತೋರಿಸಿದಳು.

"ಕೂಡ್ರಿ."

ಬೇಡಮ್ಮ ಎಂದೆ. ನಾಲಗೆ ತುದಿಗೆ ಬಂದದ್ದು ಅವಳದೇ ಮಾತು. ಅದನ್ನು ನುಂಗಿಕೊಂಡೆ. ಅವಳು ಕದಲಲಿಲ್ಲ. ಇಡೀ ಸಭೆ ನೋಡುತ್ತಿದೆ. ಕೂತೆ.

ನಿಲುವಂಗಿಯ ಕೆಳಗೆ ಬೂಟು ಹಾಕಿದ್ದೆ. ಎಲ್ಲರ ಕಾಲು ತೊಳೆಯುವವನು ತನ್ನ ಬೂಟು ಬಿಚ್ಚಿರಲಿಲ್ಲ ಎಂಬುದು ಆಗ ನನಗೇ ಹೊಳೆಯಿತು. ಎಡಗಾಲಿನ ಲೇಸು ಗಂಟಾಗಿ ಕೂತಿತ್ತು. ಕ್ವೈರ್‌ನವರು ಹಾಡು ಮುಗಿಸಿ, ಏನು ಮಾಡುವುದು ತಿಳಿಯದೆ, ಮತ್ತೆ ಮೊದಲಿನಿಂದ ಶುರು ಮಾಡಿದರು. ಗಂಟು ಬಿಚ್ಚಲಿಲ್ಲ. ಅಜ್ಜಿ ಪರಾತವನ್ನು ಬಲಗಾಲಿನ ಕಡೆ ಸರಿಸಿ, "ಒಂದಾ ಸಾಕ ತಗೋರಿ" ಎಂದಳು. ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳ ಹತ್ತಿರ ತೂತು. ಅದನ್ನೂ ನೋಡಿದಳು. ಏನೂ ಅನ್ನಲಿಲ್ಲ. ನೀರು ಹೊಯ್ದಳು. ಅಂಗೈ ಒರಟು. ಪ್ರತಿ ಬೆರಳ ಸಂದಿಯನ್ನೂ ಬಿಡಿಸಿ ತೊಳೆದಳು, ಮಗುವಿನ ಕಾಲು ತೊಳೆಯುವ ಹಾಗೆ. ಸೆರಗಿನಿಂದಲೇ ಒರೆಸಿದಳು. ಹನ್ನೆರಡನೇ ಟವೆಲ್ ಮಡಿಚಿದ್ದು ಮಡಿಚಿದಂತೆಯೇ ಇತ್ತು.

ಹಸಿ ಕಾಲು ಕಾಲುಚೀಲಕ್ಕೆ ಇಳಿಯಲಿಲ್ಲ. ಹಾಗೇ ಎದ್ದೆ. ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ಕುಂಟುವವನ ಹಾಗೆ ನಡೆದು ಕರ್ತನ ಮೇಜಿನ ಹಿಂದೆ ಹೋಗಿ ನಿಂತು ರೊಟ್ಟಿ ಎತ್ತಿಕೊಂಡೆ. ನೆಲದ ಶಹಾಬಾದ್ ಕಲ್ಲು ತಣ್ಣಗಿತ್ತು. ಮುಂದೆ ಕೂತ ಸಂಡೇ ಸ್ಕೂಲ್ ಮಕ್ಕಳು ರೊಟ್ಟಿಯನ್ನು ನೋಡಲೇ ಇಲ್ಲ. ಮೇಜಿನ ಬಟ್ಟೆಯ ಕೆಳಗೆ ಕಾಣುತ್ತಿದ್ದ ಕಾಲನ್ನೇ ನೋಡುತ್ತಿದ್ದರು.